ಹದಿನೆಂಟು ಕೊಡ ನೀರಿನ ಅಲೆ

ಅಮೆರಿಕದಲ್ಲಿ ಕೊಲರಾಡೊ ಎಂಬ ಹೆಸರಿನ ದೊಡ್ಡ ನದಿಗಳು ಎರಡು. ಒಂದು, ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಂದರವನ್ನು ಕೊರೆದು ಜಗತ್ಪ್ರಸಿದ್ಧವಾದದ್ದು. ಇನ್ನೊಂದು, ಟೆಕ್ಸಸ್ ಸಂಸ್ಥಾನದಲ್ಲೇ ಹುಟ್ಟಿ, ಅಲ್ಲೇ ಹರಿದು, ಮೆಕ್ಸಿಕೊ ಕೊಲ್ಲಿಯನ್ನು ಸೇರುವ ಸಾಧು ನದಿ. ಸಾಧು ಎಂಬ ಮಾತನ್ನು ಆಸ್ಟಿನ್ ನಗರದ ಜನರೆದುರಿಗೆ ಆಡುವಂತಿಲ್ಲ. 1900ರ ಏಪ್ರಿಲ್‌ನಲ್ಲಿ ಇದೇ ನದಿ ಉಕ್ಕಿ ಬಂದು ಆ ನಗರದವರು ಹೆಮ್ಮೆಯಿಂದ ಕಟ್ಟಿದ್ದ ಅಣೆಕಟ್ಟನ್ನು ಒಡೆದುಕೊಂಡು ಹೋಯಿತು. ಅದನ್ನು ಪಳಗಿಸುವುದಕ್ಕೆ ಮತ್ತೆ ಹಲವು ದಶಕಗಳು ಹಿಡಿದವು. ಈಗ ನದಿಯುದ್ದಕ್ಕೂ ಒಂದರ ಕೆಳಗೊಂದರಂತೆ ಆರು ಸರೋವರಗಳಿವೆ. ಅವುಗಳಲ್ಲಿ ಐದನೆಯದೇ ಲೇಕ್ ಟ್ರ್ಯಾವಿಸ್.

ಆಸ್ಟಿನ್ ನಗರದ ನಡುವಿನಿಂದ ವಾಯವ್ಯಕ್ಕೆ ಸುಮಾರು ಇಪ್ಪತ್ತು ಮೈಲಿ ಹೋದರೆ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟು ಎದುರಾಗುತ್ತದೆ. 1937ರಲ್ಲಿ ಆರಂಭವಾಗಿ 1942ರ ಹೊತ್ತಿಗೆ ಮುಗಿದ ಈ ಕಟ್ಟೆಯ ಎತ್ತರ 278 ಅಡಿ. ಇದರ ಹಿಂದೆ ನಿಂತ ನೀರು ಅರವತ್ತು ಮೈಲಿಗೂ ಮಿಕ್ಕಿ ಹಾವಿನಂತೆ ಹೊರಳಿ ಹೊರಳಿ ಮಲಗಿದೆ. ಎರಡು ದಡಗಳಲ್ಲಿಯೂ ಸುಣ್ಣಕಲ್ಲಿನ ಬಿಳಿಯ ಬಂಡೆಗಳು, ಅವುಗಳ ಮೇಲೆ ಜುನಿಪರ್ ಮತ್ತು ಓಕ್ ಮರಗಳ ಕುರುಚಲು ಹಸಿರು. ನಮ್ಮ ಕನ್ನಂಬಾಡಿಯನ್ನು ಕಂಡ ಕಣ್ಣಿಗೆ ಇಲ್ಲಿ ವಿಚಿತ್ರವಾಗಿ ತೋರುವುದು ನೀರಿನ ಏರಿಳಿತ. ಸಮುದ್ರಮಟ್ಟದಿಂದ 681 ಅಡಿಗೆ ಸರೋವರ ತುಂಬಿತೆಂದು ಲೆಕ್ಕ. ಆದರೆ 1951ರ ಬರದಲ್ಲಿ ಅದು 614 ಅಡಿಗೆ ಇಳಿದಿತ್ತು. 1991ರ ಕ್ರಿಸ್‌ಮಸ್ ದಿನ 710 ಅಡಿಗೆ ಏರಿತ್ತು. ನೀರು ತಗ್ಗಿದಾಗ ಅಣೆಕಟ್ಟಿನ ಹತ್ತಿರ ಕೆಲವು ನಡುಗಡ್ಡೆಗಳು ತಲೆಯೆತ್ತುತ್ತವೆ, ತುಂಬಿದಾಗ ಮಾಯವಾಗುತ್ತವೆ. ಅಲ್ಲಿಯವರು ಅವುಗಳಿಗೆ ‘ಸಮ್‌ಟೈಮ್ಸ್ ಐಲೆಂಡ್ಸ್’, ಎಂದರೆ ‘ಒಮ್ಮೊಮ್ಮೆಯ ದ್ವೀಪಗಳು’ ಎಂದೇ ನಾಮಕರಣ ಮಾಡಿದ್ದಾರೆ. ಇಷ್ಟು ಸೊಗಸಾದ ಸ್ಥಳನಾಮವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಆಸ್ಟಿನ್ನಿನಲ್ಲಿ ಕಂಪ್ಯೂಟರ್ ಕೆಲಸದ ನಿಮಿತ್ತ ನೆಲೆಸಿದ ಕನ್ನಡ ಕುಟುಂಬಗಳು ಸಾಕಷ್ಟಿವೆ. ನಮ್ಮ ಮಗಳು ಅಳಿಯಂದಿರದೂ ಅಂಥದೇ ಒಂದು ಸಂಸಾರ. ಬೇಸಗೆಯಲ್ಲಿ ಅಲ್ಲಿಗೆ ಹೋದ ನನಗೆ ಮನೆಯ ಅಂಗಳದಲ್ಲಿ ಕಾರಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಟ್ರೈಲರಿನ ಮೇಲೆ ಕುಳಿತ ಹತ್ತೊಂಬತ್ತು ಅಡಿಯ ಒಂದು ದೋಣಿ. ಬೇರೆಯವರು ಬಳಸಿ ಮಾರಿದ್ದನ್ನು ಅಳಿಯಂದಿರು ಕೊಂಡಿದ್ದರು. ಹದಿಮೂರು ತುಂಬಿದ ಮೊಮ್ಮಗಳಿಗೆ ಆ ಬೇಸಗೆಯಲ್ಲಿ ವೇಕ್ ಸರ್ಫಿಂಗ್ ಕಲಿಯಬೇಕೆಂಬ ಹಟ.

ಈ ಆಟದ ಸ್ವರೂಪವನ್ನು ವಾಚಕರಿಗೆ ಮೊದಲು ವಿವರಿಸಬೇಕು. ನಮ್ಮ ಮೂಲ್ಕಿಯ ಕಡಲತೀರದಲ್ಲಿ ಹುಡುಗರು ಹಲಗೆಯ ಮೇಲೆ ನಿಂತು ಸಮುದ್ರದ ಅಲೆಯನ್ನೇರಿ ಬರುವುದನ್ನು ಹಲವರು ನೋಡಿರಬಹುದು. ಸರೋವರದಲ್ಲಿ ಅಂಥ ಅಲೆ ಎಲ್ಲಿಂದ ಬರಬೇಕು? ದೋಣಿಯೇ ಅದನ್ನು ಎಬ್ಬಿಸಬೇಕು. ಓಡುವ ದೋಣಿ ನೀರನ್ನು ಸೀಳಿಕೊಂಡು ಹೋದಾಗ ಹಿಂದೆ ಒಂದು ಅಲೆ ಏಳುತ್ತದಲ್ಲವೇ, ಅದೇ ‘ವೇಕ್’. ನೀರಿನ ಮೇಲೆ ಸ್ಕೀ ಮಾಡುವವರನ್ನು ಹಗ್ಗವು ಕೊನೆಯವರೆಗೂ ಎಳೆಯುತ್ತಲೇ ಇರುತ್ತದೆ. 1922ರಲ್ಲಿ ಮಿನ್ನೆಸೋಟದ ಲೇಕ್ ಪೆಪಿನ್‌ನಲ್ಲಿ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ ತರುಣ ತೋರಿಸಿಕೊಟ್ಟ ಆಟ ಅದು. ವೇಕ್ ಸರ್ಫಿಂಗಿನಲ್ಲಿ ಹಗ್ಗ ಬೇಕಾದದ್ದು ಎದ್ದು ನಿಲ್ಲುವ ತನಕ ಮಾತ್ರ. ಅನಂತರ ಅದನ್ನು ದೋಣಿಯೊಳಕ್ಕೆ ಎಸೆದುಬಿಟ್ಟು, ಅಲೆಯ ಇಳಿಜಾರಿನಲ್ಲಿ ಜಾರುತ್ತ ದೋಣಿಯ ಬೆನ್ನಿಗೇ ಸಾಗಬೇಕು.

ಬೆನ್ನಿಗೇ ಎಂಬುದರಲ್ಲಿಯೇ ಅಪಾಯವೆಲ್ಲ ಅಡಗಿದೆ. ಸಣ್ಣ ದೋಣಿಯ ಅಲೆಯ ಒಳ್ಳೆಯ ಜಾಗವು ಹಿಂಬದಿಯಿಂದ ಎಂಟು ಹತ್ತು ಅಡಿಗಳಲ್ಲಿಯೇ ಮುಗಿದುಹೋಗುತ್ತದೆ. ಹಿಂಬದಿಗೆ ಯಂತ್ರವನ್ನು ತೂಗುಹಾಕಿದ ಸಾಮಾನ್ಯ ಮೋಟಾರು ದೋಣಿಯಾದರೆ, ತಿರುಗುವ ಪ್ರೊಪೆಲ್ಲರು ಕಲಿಯುವ ಮಗುವಿನ ಕಾಲಿನ ಸಮೀಪದಲ್ಲೇ ಇರುತ್ತದೆ. ಆದಕಾರಣ ಅಂಥ ದೋಣಿಯ ಹಿಂದೆ ಈ ಆಟ ಸರ್ವಥಾ ಸಲ್ಲದು. ಇದಕ್ಕೆಂದೇ ತಯಾರಾಗುವ ದೋಣಿಗಳಲ್ಲಿ ಪ್ರೊಪೆಲ್ಲರು ಒಡಲಿನ ಅಡಿಗೆ, ಸಾಕಷ್ಟು ಮುಂದಕ್ಕೆ ಇರುತ್ತದೆ. ಆದರೆ ಅವುಗಳ ಬೆಲೆ ಎಷ್ಟೋ ಸಲ ಲಕ್ಷ ಡಾಲರನ್ನೂ ಮೀರುತ್ತದೆ. ಮಧ್ಯಮವರ್ಗದ ಸಂಸಾರಕ್ಕೆ ಉಳಿದ ದಾರಿಯೆಂದರೆ ಜೆಟ್ ದೋಣಿ.

ಜೆಟ್ ದೋಣಿಯ ಕಥೆ ಸ್ವಾರಸ್ಯವಾದದ್ದು. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ ಎಂಬವರು 1950ರ ದಶಕದಲ್ಲಿ ತಮ್ಮ ಸೀಮೆಯ ಆಳವಿಲ್ಲದ, ಕಲ್ಲು ತುಂಬಿದ ನದಿಗಳಿಗಾಗಿ ಇದನ್ನು ರೂಪಿಸಿದರು. ಒಡಲಿನ ಅಡಿಯ ಕಂಡಿಯಿಂದ ನೀರನ್ನು ಹೀರಿ, ಕೊಳವೆಯೊಳಗೆ ತಿರುಗುವ ಇಂಪೆಲ್ಲರ್ ಎಂಬ ರೆಕ್ಕೆಚಕ್ರದಿಂದ ರಭಸವಾಗಿ ಹಿಂದಕ್ಕೆ ಚಿಮ್ಮಿಸುವುದು. ಆ ಚಿಮ್ಮಿನ ಬಲದಿಂದ ದೋಣಿ ಮುಂದಕ್ಕೆ. ಹೊರಗೆ ಚಾಚಿದ ಅಲಗು ಒಂದೂ ಇಲ್ಲ. 1960ರಲ್ಲಿ ಇಂಥ ದೋಣಿಗಳು ಆ ಇನ್ನೊಂದು ಕೊಲರಾಡೊದ ಮಹಾಕಂದರವನ್ನು ಪ್ರವಾಹಕ್ಕೆದುರಾಗಿ ಏರಿದವು. 1977ರಲ್ಲಿ ಎವರೆಸ್ಟ್ ವೀರ ಹಿಲರಿ ನಮ್ಮ ಗಂಗಾನದಿಯನ್ನು ಸಮುದ್ರಮುಖದಿಂದ ಮೇಲಕ್ಕೆ ಏರಿಹೋದದ್ದೂ ಜೆಟ್ ದೋಣಿಗಳಲ್ಲಿಯೇ.

ಇಷ್ಟೆಲ್ಲ ಘನತೆಯಿದ್ದರೂ ಅಲೆ ಎಬ್ಬಿಸುವ ವಿದ್ಯೆಯಲ್ಲಿ ಚಿಕ್ಕ ಜೆಟ್ ದೋಣಿ ಬಡಪಾಯಿ. ಅದು ಹಗುರ, ನೀರಿನ ಮೇಲೆ ತೇಲಿಕೊಂಡು ಓಡಲೆಂದೇ ಹುಟ್ಟಿದ್ದು. ಅಲೆ ಏಳಬೇಕಾದರೆ ಹಿಂಬದಿ ನೀರಿನಲ್ಲಿ ಆಳವಾಗಿ ಕೂರಬೇಕು. ಅದಕ್ಕೆ ಭಾರ ಬೇಕು. ಈ ಭಾರಕ್ಕೆ ‘ಬ್ಯಾಲಸ್ಟ್’ ಎನ್ನುತ್ತಾರೆ. ಗಟ್ಟಿಯಾದ ಬಟ್ಟೆಯ ಚೀಲಗಳು. ಸರೋವರದ ನೀರನ್ನೇ ಸಣ್ಣ ವಿದ್ಯುತ್ ಪಂಪಿನಿಂದ ಅವುಗಳಿಗೆ ತುಂಬಿಸಬಹುದು. ಅಳಿಯಂದಿರ ಬಳಿ ಎರಡು ಚೀಲಗಳಿದ್ದವು: ಒಂದು 400 ಪೌಂಡಿನದು, ಇನ್ನೊಂದು 200ರದು. ನಮ್ಮ ಲೆಕ್ಕಕ್ಕೆ ತಂದರೆ ಹದಿನೈದು ಲೀಟರಿನ ಹದಿನೆಂಟು ಕೊಡ ನೀರು.

ಹೊರಡುವ ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಈ ಹದಿನೆಂಟು ಕೊಡದ ಲೆಕ್ಕಾಚಾರ ನಡೆಯಿತು. ಆ ದೇಶದಲ್ಲಿ ಇಪ್ಪತ್ತು ಅಡಿಗಿಂತ ಚಿಕ್ಕದಾದ ಮೋಟಾರು ದೋಣಿಗೆ ಎಷ್ಟು ಜನ, ಎಷ್ಟು ತೂಕ ಎಂದು ನಮೂದಿಸಿದ ತಗಡಿನ ಫಲಕವೊಂದು ಇರಲೇಬೇಕು. ನಮ್ಮ ದೋಣಿಯ ಫಲಕದಲ್ಲಿ ‘8 ಜನ, ಜನ ಮತ್ತು ಸಾಮಾನು ಸೇರಿ 1,400 ಪೌಂಡು’ ಎಂದಿತ್ತು. ಅಂದು ಊಟಕ್ಕೆ ಬಂದಿದ್ದವರು ಹುಬ್ಬಳ್ಳಿ ಕಡೆಯ ಮಿತ್ರರು, ಅವರ ಪತ್ನಿ, ಇಬ್ಬರು ಮಕ್ಕಳು. ಅವರು ನಾಲ್ವರು, ನಾವು ನಾಲ್ವರು, ಸರಿಯಾಗಿ ಎಂಟು. ಮಕ್ಕಳು ಆಗಲೇ ಕುಣಿಯತೊಡಗಿದ್ದರು.

ಅಳಿಯಂದಿರು ಕಾಗದ ತೆಗೆದರು. ನಮ್ಮ ನಾಲ್ವರದು 560 ಪೌಂಡು. ಮಂಜುಗಡ್ಡೆಯ ಪೆಟ್ಟಿಗೆ, ಲಂಗರು, ಹಗ್ಗ, ಹಲಗೆ, ಬುತ್ತಿ ಸೇರಿ 110. ಮಿತ್ರರ ಸಂಸಾರದ್ದು 500. ಚೀಲದ ನೀರು 600. ಕೂಡಿಸಿದರೆ 1,770. ಮಿತಿಗಿಂತ 370 ಪೌಂಡು ಹೆಚ್ಚು.

“ಎಲ್ಲಾರೂ ಇದಕ್ಕಿಂತ ಹೆಚ್ಚು ತುಂಬತಾರ್ರೀ, ಏನೂ ಆಗೂದಿಲ್ಲ. ಫಲಕದಾಗ ಎಂಟು ಮಂದಿ ಅಂತ ಬರದದ, ನಾವೂ ಎಂಟೇ ಮಂದಿ ಇದ್ದೇವಿ” ಎಂದರು ಮಿತ್ರರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ದೊಡ್ಡ ಅಲೆಯ ಆಸೆಗೆ ಮಿತಿಮೀರಿ ತುಂಬುವವರು ಆ ಸರೋವರದಲ್ಲಿ ಬಹಳ ಮಂದಿ.

“ಜನರ ಲೆಕ್ಕ ಸರಿಯಾಯಿತು, ಸಾರ್. ಆದರೆ ನೀರೂ ಜನರಷ್ಟೇ ತೂಗುತ್ತದಲ್ಲ” ಎಂದರು ಅಳಿಯಂದಿರು. ಅವರು ಹೇಳಿದ ಕಾರಣ ನನಗೆ ಮನದಟ್ಟಾಯಿತು. ಹಿಂಬದಿಯಲ್ಲಿ ಹೊರೆ ಹೊತ್ತ ದೋಣಿ ಓಡುವಾಗ ಏನೂ ಆಗುವುದಿಲ್ಲ, ನಿಂತಾಗ ಆಗುತ್ತದೆ. ಬಿದ್ದ ಹುಡುಗಿಗಾಗಿ ತಟ್ಟನೆ ವೇಗ ತಗ್ಗಿಸಿದರೆ, ತಾನು ಎಬ್ಬಿಸಿದ ಅಲೆಯೇ ಹಿಂದಿನಿಂದ ಬಂದು ದೋಣಿಯನ್ನು ಹತ್ತುತ್ತದೆ. ಹಿಂತಿರುಗುವಾಗ ಅದೇ ಅಲೆಗೆ ಮೂತಿ ತಗಲಿ, ಮುಂದಿನ ಆಸನಗಳಲ್ಲಿ ಮಕ್ಕಳಿದ್ದರೆ, ನೀರು ಅವರ ಮಡಿಲಿಗೇ ನುಗ್ಗುತ್ತದೆ. ಭಾರ ಮಿತಿಯೊಳಗಿದ್ದರೆ ದೋಣಿ ಎದ್ದು ಸಾವರಿಸಿಕೊಳ್ಳುತ್ತದೆ, ಮೀರಿದ್ದರೆ ಏಳಲಾರದು.

ಕಡೆಗೆ ಎರಡು ಸರದಿಗಳೆಂದು ತೀರ್ಮಾನವಾಯಿತು. ಮೊದಲು ನಾವು, ಆಗ 1,270. ಅನಂತರ ಮಿತ್ರರ ಸಂಸಾರ, ನಡೆಸಲು ಅಳಿಯಂದಿರೊಬ್ಬರೇ, ಆಗ 1,385. ಮಕ್ಕಳ ಮುಖ ಬಾಡಿತು. ಮಿತ್ರರ ಪತ್ನಿ ಮಾತ್ರ, “ಹದಿನೈದು ಪೌಂಡು ಉಳೀತಲ್ಲ, ನನ್ನ ರೊಟ್ಟಿ ಬುಟ್ಟಿ ದಡದಾಗ ಇಳಿಸಿದರ ಇನ್ನೂ ಉಳೀತದ” ಎಂದು ನಗೆಯೆಬ್ಬಿಸಿ ಆ ಪ್ರಸಂಗವನ್ನು ಮುಗಿಸಿದರು.

ಟೆಕ್ಸಸ್ಸಿನ ಬೇಸಗೆಯಲ್ಲಿ ಬೆಳಗಿನ ಏಳು ಗಂಟೆಯೇ ಸರೋವರದ ಸುಮುಹೂರ್ತ. ಗಾಳಿ ಎದ್ದಿರುವುದಿಲ್ಲ, ನೀರು ಕನ್ನಡಿಯಂತಿರುತ್ತದೆ. ಮಿತ್ರರ ಸಂಸಾರವನ್ನು ಉದ್ಯಾನದ ಮರಗಳ ನೆರಳಿನಲ್ಲಿ ಬಿಟ್ಟು ನಾವು ದೋಣಿಯನ್ನು ನೀರಿಗಿಳಿಸಿದೆವು. ಯಂತ್ರ ಚಾಲೂ ಮಾಡುವ ಮೊದಲು ನಾಲ್ಕು ನಿಮಿಷ ಒಂದು ಪಂಖವನ್ನು ತಿರುಗಿಸಿ ಯಂತ್ರದ ಕೋಣೆಯಲ್ಲಿ ಪೆಟ್ರೋಲಿನ ಆವಿಯೇನಾದರೂ ಇದ್ದರೆ ಹೊರದೂಡಬೇಕು. ನಡೆಸುವವರ ಲೈಫ್ ಜಾಕೆಟ್ಟಿಗೆ ಒಂದು ಎಳೆ ಸಿಕ್ಕಿಸಿರುತ್ತಾರೆ. ಅವರು ನೀರಿಗೆ ಬಿದ್ದರೆ ಅದು ಕಿತ್ತು ಯಂತ್ರ ನಿಂತುಹೋಗುತ್ತದೆ. ಚಿಕ್ಕ ದೋಣಿಗಳು ವೇಗವಾಗಿ ಓಡುವಾಗ ಈ ಎಳೆಯನ್ನು ಧರಿಸಬೇಕೆಂಬುದು 2021ರ ಏಪ್ರಿಲ್‌ನಿಂದ ಅಲ್ಲಿ ಕಾನೂನು. ಹಗ್ಗದ ತುದಿಯಲ್ಲಿರುವವರನ್ನು ನೋಡುತ್ತಿರಲು ಇನ್ನೊಬ್ಬರೂ ಬೇಕು. ಆ ಹೊಣೆ ಮಗಳದು.

ದಡದಿಂದ ದೂರ, ಸರೋವರದ ನಡುವೆ ಹೋಗಿ ಪಂಪನ್ನು ನೀರಿಗಿಳಿಸಿದರು. ಮೊದಲು ದೊಡ್ಡ ಚೀಲ, ಹಿಂಬದಿಯ ಎಡಮೂಲೆಗೆ. ಎಡವೇ ಏಕೆಂದರೆ ಮೊಮ್ಮಗಳದು ಎಡಗಾಲು ಮುಂದು. ಸುಮ್ಮನೆ ನಿಂತವರನ್ನು ಹಿಂದಿನಿಂದ ಮೆಲ್ಲನೆ ನೂಕಿದರೆ ಯಾವ ಕಾಲು ತಾನಾಗಿ ಮುಂದೆ ಬರುತ್ತದೆಯೋ ಹಲಗೆಯ ಮೇಲೂ ಅದೇ ಮುಂದಿರಬೇಕಂತೆ. ಎಡಗಾಲು ಮುಂದಿಟ್ಟವರ ಎದೆ ಬಲಕ್ಕೆ ತಿರುಗಿರುತ್ತದೆ. ದೋಣಿಯ ಎಡಬದಿಯ ಅಲೆಯಲ್ಲಿ ನಿಂತರೆ ಅಲೆ ಅವರ ಎದುರಿಗಿರುತ್ತದೆ. ಬಲಗಾಲಿನವರಿಗೆ ಎಲ್ಲವೂ ಅದಲುಬದಲು.

ದೊಡ್ಡ ಚೀಲ ತುಂಬಿದೊಡನೆ ದೋಣಿ ಹೊರಟಿತು. ಮೂತಿ ಆಕಾಶ ನೋಡತೊಡಗಿತು. ಅಳಿಯಂದಿರಿಗೆ ಮುಂದಿನ ನೀರೇ ಕಾಣದಾಯಿತು. ಎತ್ತಿನ ಗಾಡಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಜಗ್ಗುತ್ತದೆ; ಬಲ್ಲ ಗಾಡಿಯವನು ಮೂಟೆಗಳನ್ನು ಒಂದು ಗೇಣು ಅತ್ತ ಇತ್ತ ಸರಿಸಿಯೇ ಗಾಡಿಯನ್ನು ಹಗುರ ಮಾಡುತ್ತಾನೆ. ಎರಡನೆಯ ಚೀಲವನ್ನು ಎಡಬದಿಯಲ್ಲೇ, ಆದರೆ ಮುಂಭಾಗದ ನೆಲದ ಮೇಲೆ ತುಂಬಿಸಿದರು. ಮೂತಿ ಇಳಿಯಿತು. ಹಿಂದಿನ ಅಲೆ ಮೊದಲಿಗಿಂತ ಉದ್ದವಾಯಿತು. “ಮಾವ, ನೀವು ದಯವಿಟ್ಟು ಎಡಗಡೆಯೇ ಕುಳಿತಿರಿ” ಎಂದು ನನಗೂ ಅಪ್ಪಣೆಯಾಯಿತು. ನಾನು ನಾಲ್ಕೂವರೆ ಕೊಡದಷ್ಟು ಭಾರ. ಅರವತ್ತೆಂಟು ಕಿಲೋ ದೇಹಕ್ಕೆ ಇಷ್ಟು ಖಚಿತವಾದ ಉಪಯೋಗ ಬಹುಕಾಲದಿಂದ ದೊರೆತಿರಲಿಲ್ಲ. ಆದರೆ ಈ ವಾಲಿಕೆಗೂ ಒಂದು ಮಿತಿಯುಂಟು. ಅತಿಯಾಗಿ ವಾಲಿದರೆ ಅಡಿಯ ಕಂಡಿ ನೀರಿಗೆ ಬದಲು ಗಾಳಿಯನ್ನು ಹೀರುತ್ತದೆ. ಯಂತ್ರ ಬರಿದೇ ಅಬ್ಬರಿಸಿ ದೋಣಿ ಸೊರಗುತ್ತದೆ.

ಅಲೆ ಎದ್ದಿತ್ತು, ಆದರೆ ನೊರೆ ನೊರೆಯಾಗಿತ್ತು. ಇದಕ್ಕೆ ಇನ್ನೊಂದು ಉಪಾಯವಿದೆ. ಸುಮಾರು ಒಂದು ಮಣೆಯಷ್ಟಿರುವ, ಹೀರುಬಟ್ಟಲುಗಳಿಂದ ಅಂಟಿಕೊಳ್ಳುವ ಹಲಗೆಯೊಂದನ್ನು ದೋಣಿಯ ಹಿಂಬದಿಯ ಪಕ್ಕಕ್ಕೆ, ನೀರಿನ ಮಟ್ಟದಲ್ಲಿ ಕೂರಿಸುತ್ತಾರೆ. ವಿಚಿತ್ರವೆಂದರೆ ಅದನ್ನು ಅಂಟಿಸುವುದು ಸವಾರಿಯ ಬದಿಗಲ್ಲ, ಎದುರು ಬದಿಗೆ. ದೋಣಿ ಸೀಳಿದ ನೀರು ಎರಡು ಪಕ್ಕಗಳಿಂದಲೂ ಬಂದು ಹಿಂದೆ ಕೂಡಿಕೊಳ್ಳುತ್ತದೆ. ಬಲದ ನೀರನ್ನು ಹಲಗೆ ಹೊರಕ್ಕೆ ತಳ್ಳಿದರೆ ಆ ಕೂಟ ಸ್ವಲ್ಪ ತಡವಾಗಿ, ಸ್ವಲ್ಪ ದೂರದಲ್ಲಿ ಆಗುತ್ತದೆ. ಅಷ್ಟರಲ್ಲಿ ಎಡಗಡೆಯ ಅಲೆಗೆ ನುಣುಪಾಗಿ ಮೈತಳೆಯಲು ಅವಕಾಶ ಸಿಗುತ್ತದೆ. ಹಲಗೆ ಕಳಚಿದರೆ ತೇಲುವಂತೆ, ಕಂಡಿಗೆ ಸಿಕ್ಕದಂತೆ ದಾರ ಕಟ್ಟಿದ್ದರು. ಇನ್ನು ಉಳಿದದ್ದು ವೇಗ. ಗಂಟೆಗೆ ಹತ್ತು ಮೈಲಿ. ಅದಕ್ಕಿಂತ ಕಡಿಮೆಯಾದರೆ ಅಲೆ ಕಡಿದಾಗಿ ಮೊಟಕಾಗುತ್ತದೆ. ಹನ್ನೊಂದಾದರೆ ಉದ್ದವಾಗಿ ಚಪ್ಪಟೆಯಾಗುತ್ತದೆ. ನಮಗೆ ದೊರೆತದ್ದು ಮೊಣಕಾಲೆತ್ತರದ ಅಲೆ. ಕಲಿಯುವವರಿಗೆ ಅದು ಧಾರಾಳ. ಆದರೆ ಇಂಥ ಸಣ್ಣ ಅಲೆ ಸಣ್ಣ ಹಲಗೆಯನ್ನು ತಳ್ಳಲಾರದು. ಆದ್ದರಿಂದ ಐದಡಿ ಉದ್ದದ, ದಪ್ಪನೆಯ, ಚೆನ್ನಾಗಿ ತೇಲುವ ಹಲಗೆಯನ್ನೇ ಮೊಮ್ಮಗಳಿಗೆ ಕೊಟ್ಟಿದ್ದರು.

ಅವಳು ನೀರಿಗಿಳಿಯುವ ಮುನ್ನ ಅಳಿಯಂದಿರು ಯಂತ್ರವನ್ನು ಪೂರ್ತಿ ಆರಿಸಿ ಕೀಲಿಯನ್ನು ಮೇಲಕ್ಕೆತ್ತಿ ತೋರಿಸಿದರು. ಇಂಥ ಜೆಟ್ ದೋಣಿಯಲ್ಲಿ ಯಂತ್ರ ಓಡುತ್ತಿರುವಷ್ಟು ಕಾಲವೂ ಒಳಗಿನ ಚಕ್ರ ತಿರುಗುತ್ತಲೇ ಇರುತ್ತದೆ. ದೋಣಿ ನಿಂತಿದೆಯೆಂದು ನಂಬಿ ಹಿಂಬದಿಗೆ ಬಂದವರ ಕೂದಲನ್ನೋ ಸಡಿಲವಾದ ಹಗ್ಗವನ್ನೋ ಅಡಿಯ ಕಂಡಿ ಹೀರಿಕೊಳ್ಳಬಹುದು. ಚಿಮ್ಮುವ ನೀರಿನ ಹೊಡೆತ ಮೈಗೆ ನೇರ ತಗಲಿದರೆ ಒಳಗಿನ ಅಂಗಗಳಿಗೇ ಗಾಯವಾಗಬಹುದು. ಯಂತ್ರದ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ಇನ್ನೊಂದು ಅಪಾಯ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೋಣಿಯ ಬೆನ್ನಲ್ಲೇ ಅದು ಸುಳಿಯುತ್ತಿರುತ್ತದೆ. ಓಡುವ ದೋಣಿಯ ಹಿಂದಿನ ಮೆಟ್ಟಿಲನ್ನು ಹಿಡಿದು ತೇಲುವ ಹುಡುಗಾಟದಲ್ಲಿ ಯುವಕರು ಪ್ರಾಣ ಕಳೆದುಕೊಂಡ ಬಳಿಕ ಕ್ಯಾಲಿಫೋರ್ನಿಯ ಸಂಸ್ಥಾನ 2004ರಲ್ಲಿ ಅದನ್ನು ನಿಷೇಧಿಸಿತು. ಎದ್ದು ನಿಂತು ಸಾಗುವವರಿಗೂ ಈ ಎಚ್ಚರ ಬೇಕು. ಅದಕ್ಕಾಗಿ ಪ್ರತಿಯೊಂದು ಓಟವೂ ಚಿಕ್ಕದು, ನಡುನಡುವೆ ಯಂತ್ರಕ್ಕೂ ಮಗುವಿಗೂ ವಿಶ್ರಾಂತಿ.

ಹುಡುಗಿ ನೀರಿನಲ್ಲಿ ಕುಕ್ಕರಗಾಲಿನಲ್ಲಿದ್ದಂತೆ ತೇಲುತ್ತ, ಅಡ್ಡಲಾಗಿ ನಿಂತ ಹಲಗೆಯ ಮೇಲೆ ಹಿಮ್ಮಡಿಗಳನ್ನಿಟ್ಟು ಇಪ್ಪತ್ತಡಿಯ ಹಗ್ಗವನ್ನು ಹಿಡಿದಳು. ಆ ಹಗ್ಗದ ಹಿಡಿಯಲ್ಲಿ ತೋಳು ಸಿಕ್ಕಿಕೊಳ್ಳುವಂಥ ದೊಡ್ಡ ಕುಣಿಕೆ ಇರಲಿಲ್ಲ. “ಹಗ್ಗಾನ ಎಳೀಬೇಡ, ಅದೇ ನಿನ್ನನ್ನ ಎತ್ತುತ್ತೆ” ಎಂದು ತಾಯಿ ಕೂಗಿದಳು. ಮೊದಲ ಸಲ ಹುಡುಗಿ ಎಳೆದಳು, ಮುಗ್ಗರಿಸಿದಳು. ಎರಡನೆಯ ಸಲ ಬೇಗ ನಿಂತಳು, ಹಿಂದಕ್ಕೆ ಬಿದ್ದಳು. ಮೂರು, ನಾಲ್ಕೂ ಹಾಗೆಯೇ. ಪ್ರತಿಸಲವೂ ಅಳಿಯಂದಿರು ವೇಗವನ್ನು ಮೆಲ್ಲನೆ ಇಳಿಸಿ, ಅಲೆಯನ್ನು ಮುಂದೆ ಹೋಗಗೊಟ್ಟು, ಅಗಲವಾಗಿ ಸುತ್ತಿ ಬರುತ್ತಿದ್ದರು. ಜೆಟ್ ದೋಣಿಗೆ ಚುಕ್ಕಾಣಿಯಿಲ್ಲ. ಚಿಮ್ಮುವ ನೀರೇ ಅದರ ಚುಕ್ಕಾಣಿ. ಗಾಬರಿಯಿಂದ ವೇಗವನ್ನು ಪೂರ್ತಿ ಬಿಟ್ಟು ತಿರುಗಿಸಿದರೆ ಅದು ತಿರುಗುವುದಿಲ್ಲ, ನೇರವಾಗಿಯೇ ಜಾರುತ್ತದೆ. ನೀರಿನಲ್ಲಿ ಮಗುವಿರುವಾಗ ಇದನ್ನು ಕೈ ಮರೆಯಕೂಡದು.

ಐದನೆಯ ಸಲ ಅವಳು ಎದ್ದಳು. ಮೊಣಕಾಲು ಬಾಗಿತ್ತು, ಕಣ್ಣು ಹಲಗೆಯ ಮೇಲಿರದೆ ನಮ್ಮ ಮೇಲಿತ್ತು. ಅಲೆಯ ಮೈಗೆ ಸರಿದು ಮುಂಗಾಲಿಗೆ ಭಾರ ಕೊಟ್ಟಾಗ ಹಲಗೆ ತಾನೇ ಮುಂದಕ್ಕೆ ಜಾರಿತು. ಅದುವರೆಗೆ ಬಿಗಿದಿದ್ದ ಹಗ್ಗ ಮೊದಲ ಬಾರಿಗೆ ಸಡಿಲಾಗಿ ಜೋತುಬಿತ್ತು. ಎಳೆಯುತ್ತಿದ್ದುದು ಈಗ ದೋಣಿಯಲ್ಲ. ಮಗಳು ಬೇಗ ಬೇಗನೆ ಸಡಿಲ ಹಗ್ಗವನ್ನು ಒಳಗೆಳೆದುಕೊಂಡಳು. “ತಾತಾ, ಅಲ್ಲಾಡಬೇಡಿ!” ಎಂದು ಹುಡುಗಿ ಅಲ್ಲಿಂದಲೇ ಕಿರುಚಿದಳು. ನಾನು ಉಸಿರು ಬಿಗಿಹಿಡಿದು ಕುಳಿತೆ. ಎಂಟು ಹತ್ತು ಸೆಕೆಂಡು ಆಗಿದ್ದೀತು.

ನಾವು ನಡುಸರೋವರವನ್ನು ಬಿಟ್ಟು ಕದಲದಿದ್ದುದಕ್ಕೆ ಇನ್ನೊಂದು ಕಾರಣವೂ ಉಂಟು. ಹೀಗೆ ಭಾರ ಹೊತ್ತು ಎಬ್ಬಿಸಿದ ಅಲೆ ಅಲ್ಲಿಗೇ ಸಾಯುವುದಿಲ್ಲ. ದಡದವರೆಗೂ ನಡೆದು ಮಣ್ಣನ್ನು ಕೊರೆಯುತ್ತದೆ, ಕಟ್ಟಿದ ದೋಣಿಗಳನ್ನು ಕುಟ್ಟುತ್ತದೆ. ಇದಕ್ಕೆಂದೇ ಮಾಡಿದ ದೊಡ್ಡ ದೋಣಿಗಳು ದಡದಿಂದ 500 ಅಡಿಗೂ ಹೆಚ್ಚು ದೂರವಿದ್ದರೆ ಮಾತ್ರ ಅವುಗಳ ಅಲೆ, 200 ಅಡಿ ದೂರದ ಸಾಮಾನ್ಯ ದೋಣಿಯ ಅಲೆಯಷ್ಟಕ್ಕೆ ಇಳಿಯುತ್ತದೆಂದು ಮಿನ್ನೆಸೋಟ ವಿಶ್ವವಿದ್ಯಾನಿಲಯದವರು 2022ರಲ್ಲಿ ಅಳೆದು ಹೇಳಿದರು. ವರ್ಮಾಂಟ್ ಸಂಸ್ಥಾನ 2024ರಲ್ಲಿ 500 ಅಡಿಯ ಅಂತರವನ್ನೂ ಇಪ್ಪತ್ತು ಅಡಿಯ ಆಳವನ್ನೂ ನಿಯಮವನ್ನಾಗಿಯೇ ಮಾಡಿತು. ನಮ್ಮ ಮೊಣಕಾಲೆತ್ತರದ ಅಲೆ ಅಂಥ ಪುಂಡನಲ್ಲ. ಆದರೂ ದಡದಲ್ಲಿ ಬೆಸ್ತುಗಾಳ ಹಿಡಿದು ಕುಳಿತ ಮುದುಕರೊಬ್ಬರನ್ನು ಕಂಡು ಅಳಿಯಂದಿರು ಇನ್ನೂ ದೂರ ಸರಿದರು. ಅದು ನನಗೆ ಬಹಳ ಹಿಡಿಸಿತು.

ಎರಡನೆಯ ಸರದಿಯಲ್ಲಿ ಹುಬ್ಬಳ್ಳಿಯ ಮಕ್ಕಳಿಬ್ಬರೂ ಬಿದ್ದರು. ಕಿರಿಯವನು ಒಮ್ಮೆ ಎದ್ದನಂತೆ. ರೊಟ್ಟಿ ಬುಟ್ಟಿ ನಿಜವಾಗಿಯೂ ದಡದಲ್ಲಿ ಉಳಿದದ್ದರಿಂದ ಅದರ ಕಾವಲು ನನ್ನ ಪಾಲಿಗೆ ಬಂದಿತ್ತು.

ಬಿಸಿಲೇರಿದ ಮೇಲೆ ದೋಣಿಯನ್ನು ಇಳಿಜಾರಿಗೆ ಎಳೆದು ತಂದರು. ಅಲ್ಲಿಂದ ಹೊರಡುವ ಮೊದಲು ಚೀಲಗಳ ಹದಿನೆಂಟು ಕೊಡ ನೀರನ್ನೂ ಕಡೆಯ ಹನಿಯವರೆಗೆ ಬರಿದುಮಾಡಬೇಕು. 2017ರಲ್ಲಿ ಈ ಸರೋವರದಲ್ಲಿ ಜೀಬ್ರಾ ಮಸಲ್ ಎಂಬ ಪಟ್ಟೆಪಟ್ಟೆಯ, ಉಗುರಿನಷ್ಟಗಲದ ಚಿಪ್ಪುಜೀವಿ ಕಾಣಿಸಿಕೊಂಡಿತು. ಯೂರೋಪಿನ ಪೂರ್ವದಂಚಿನಿಂದ ಅಮೆರಿಕಕ್ಕೆ ಬಂದ ಅದು ನೀರಿನ ಕೊಳವೆಗಳನ್ನು ಮುಚ್ಚಿ ಉಪದ್ರವ ಕೊಡುತ್ತದೆ. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದು ಚೀಲದ ತಳದಲ್ಲಿ ಉಳಿದ ನೀರಿನಲ್ಲಿಯೇ ಇನ್ನೊಂದು ಕೆರೆಗೆ ಪಯಣ ಮಾಡಬಲ್ಲವು. ದೋಣಿಯಲ್ಲಿ ಸರೋವರದ ನೀರನ್ನು ಹೊತ್ತು ಹೊರಡಬಾರದೆಂದು ಟೆಕ್ಸಸ್ಸಿನಲ್ಲಿ 2014ರಿಂದ ನಿಯಮವಿದೆ. ಪಂಪು ಮೇಲೆ ಮೇಲಿನದನ್ನು ಹೀರಿತು. ಉಳಿದದ್ದಕ್ಕೆ ಚೀಲದ ಎರಡು ಮೂಲೆಗಳನ್ನು ಮಿತ್ರರೂ ನಾನೂ ಹಿಡಿದು, ಮದುವೆಮನೆಯ ಜಮಖಾನವನ್ನು ಕೊಡವುವಂತೆ ಎತ್ತಿ ಕೊಡವಿದೆವು. ನೀರು ಕಾಂಕ್ರೀಟಿನ ಇಳಿಜಾರಿನಲ್ಲಿ ಗೆರೆಗೆರೆಯಾಗಿ ಹರಿದು ಸರೋವರಕ್ಕೆ ಸೇರಿತು. ಮೊಮ್ಮಗಳು ಚೀಲದ ಬಾಯಿಗೆ ಕಣ್ಣಿಟ್ಟು ನೋಡಿ, “ಇನ್ನೂ ಒಂದು ಲೋಟದಷ್ಟಿದೆ, ತಾತ” ಎಂದಳು. ಮತ್ತೆ ಎತ್ತಿದೆವು.